ಆಟಿಸಂ ಇರುವ ಮಕ್ಕಳೂ ನಮ್ಮ ಶಾಲೆಗಳೂ

ಪ್ರಯೋಗಶಾಲೆಗೆ ಕಾಲಿಟ್ಟ ವಿದ್ಯಾರ್ಥಿಗೆ ಮೊಟ್ಟಮೊದಲು ಕಲಿಸುವ ಪಾಠಗಳಲ್ಲಿ ಶೂನ್ಯದೋಷದ ಪಾಠವೂ ಒಂದು. ಸ್ಕ್ರೂಗೇಜಿನಿಂದ ತಂತಿಯ ದಪ್ಪವನ್ನು ಅಳೆಯುವುದಕ್ಕೆ ಮುಂಚೆ, ನಡುವೆ ಏನನ್ನೂ ಇಡದೆ ಅದರ ಎರಡು ಮುಖಗಳನ್ನು ಕೂಡಿಸಿ, ಸೊನ್ನೆಯು ಗೆರೆಗೆ ಸರಿಯಾಗಿ ಬರುವುದೋ ಇಲ್ಲವೋ ಎಂದು ನೋಡಬೇಕು. ಬಾರದಿದ್ದರೆ ಉಪಕರಣದಲ್ಲಿಯೇ ದೋಷವಿದೆಯೆಂದು ತಿಳಿದು, ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಅಳತೆಯನ್ನು ತಿದ್ದಿಕೊಳ್ಳಬೇಕು. ಈ ಎಚ್ಚರವಿಲ್ಲದವನು ಉಪಕರಣದ ತಪ್ಪನ್ನು ತಂತಿಯ ಮೇಲೆ ಹೊರಿಸುವನು.

ಶಾಲೆಯೂ ಒಂದು ವಿಧದಲ್ಲಿ ಅಳತೆಯ ಉಪಕರಣವೇ ಆಗಿದೆ. ವರ್ಷ ವರ್ಷವೂ ಅದು ಲಕ್ಷಾಂತರ ಮಕ್ಕಳನ್ನು ಅಳೆದು, ಇವನು ಬುದ್ಧಿವಂತ, ಇವನು ಮಂದ, ಇವಳು ವಿಧೇಯಳು, ಇವನು ಪುಂಡ ಎಂದು ಬರೆದಿಡುತ್ತದೆ. ಈ ಉಪಕರಣದ ಶೂನ್ಯದೋಷವನ್ನು ನಾವು ಎಂದಾದರೂ ಪರೀಕ್ಷಿಸಿದ್ದೇವೆಯೇ? ಆಟಿಸಂ ಇರುವ ಮಕ್ಕಳನ್ನು ನಮ್ಮ ಶಾಲೆಗಳು ನಡೆಸಿಕೊಳ್ಳುವ ರೀತಿಯನ್ನು ಕಂಡಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಕಾಡುವುದಕ್ಕೆ ಕಾರಣವೂ ಉಂಟು. ಅದನ್ನು ಮರೆಮಾಚದೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

1986ರಲ್ಲಿ ನಾನು ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯನಾಗಿ ಸೇರಿದೆನು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಜಗಲಿಯಲ್ಲಿ ತೂಗುಹಾಕಿದ್ದ ಕಬ್ಬಿಣದ ಕಂಬಿಯ ತುಂಡನ್ನು ಜವಾನನು ಬಡಿಯುವ ಹೊತ್ತಿಗೆ ಇವನು ಎರಡು ಕೈಗಳಿಂದಲೂ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಕುಗ್ಗುತ್ತಿದ್ದನು. ಪ್ರಶ್ನೆ ಕೇಳಿದರೆ ಅದೇ ಪ್ರಶ್ನೆಯನ್ನು ನನಗೆ ಹಿಂದಿರುಗಿಸುತ್ತಿದ್ದನು. ಉಪಾಧ್ಯಾಯರ ಮುಖವನ್ನು ನೋಡುತ್ತಿರಲಿಲ್ಲ. ಆದರೆ ನಮ್ಮ ಊರಿನ ನಿಲ್ದಾಣಕ್ಕೆ ಬರುವ ಹೋಗುವ ಬಸ್ಸುಗಳ ವೇಳೆಯೆಲ್ಲ ಅವನಿಗೆ ಕಂಠಪಾಠವಾಗಿದ್ದಿತು. ಹುಡುಗರು ವಿನೋದಕ್ಕಾಗಿ ಕೇಳುವರು, ಅವನು ತಪ್ಪದೆ ಹೇಳುವನು. ಒಂದು ದಿನ ನಾನು ಯಾವ ಮುನ್ಸೂಚನೆಯೂ ಇಲ್ಲದೆ ತರಗತಿಯ ಆಸನಗಳನ್ನೆಲ್ಲ ಬದಲಾಯಿಸಿದೆನು. ಅವನು ನೆಲದ ಮೇಲೆ ಬಿದ್ದು ಕೂಗತೊಡಗಿದನು. ಉದ್ಧಟತನವೆಂದು ಬಗೆದು ನಾನು ಅಂಗೈಗೆ ಬೆತ್ತದಿಂದ ಹೊಡೆದೆನು. ಮರುದಿನ ಅವನ ತಂದೆ ಬಂದು ಕೈಕಟ್ಟಿ ನಿಂತು, “ತಪ್ಪಾಯ್ತು ಮೇಷ್ಟ್ರೇ, ನಾವೇ ಸರಿಯಾಗಿ ಬುದ್ಧಿ ಕಲಿಸ್ಲಿಲ್ಲ” ಎಂದರು. ದಸರೆಯ ರಜೆ ಕಳೆದ ಮೇಲೆ ಹುಡುಗನು ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದ ಷರಾ ಅಂಕಣದಲ್ಲಿ ನಾನು “ವಿದ್ಯೆಯಲ್ಲಿ ಆಸಕ್ತಿ ಇಲ್ಲ” ಎಂದು ಬರೆದೆನು.

ಅವನಿಗೆ ಆಟಿಸಂ ಇದ್ದಿತೆಂದು ನಿಶ್ಚಯವಾಗಿ ಹೇಳಲು ನಾನು ವೈದ್ಯನಲ್ಲ. ಆದರೆ ಹಲವು ವರ್ಷಗಳ ತರುವಾಯ ಈ ವಿಷಯವನ್ನು ಕುರಿತು ಓದಲು ತೊಡಗಿದಾಗ, ಪುಟ ಪುಟದಲ್ಲಿಯೂ ಆ ಹುಡುಗನೇ ಎದುರಿಗೆ ಬಂದು ನಿಂತನು. ನಾನು ಬರೆದ ಷರಾ ಸುಳ್ಳಾಗಿದ್ದಿತೆಂದು ಆಗ ತಿಳಿಯಿತು.

ಆಟಿಸಂ ಎಂದರೇನು? ಗ್ರೀಕ್ ಭಾಷೆಯಲ್ಲಿ ‘ತಾನು’ ಎಂಬ ಅರ್ಥವುಳ್ಳ ಶಬ್ದದಿಂದ ಈ ಹೆಸರು ಹುಟ್ಟಿತು. ಕನ್ನಡದಲ್ಲಿ ಕೆಲವರು ಸ್ವಲೀನತೆ ಎನ್ನುವರು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಗೆನ್ ಬ್ಲಾಯ್ಲರ್ ಅವರು ಈ ಶಬ್ದವನ್ನು ಬೇರೊಂದು ಮನೋರೋಗದ ಲಕ್ಷಣವನ್ನು ಸೂಚಿಸಲು ಬಳಕೆಗೆ ತಂದಿದ್ದರು. 1925ರಲ್ಲಿ ಮಾಸ್ಕೋ ನಗರದ ವೈದ್ಯೆ ಗ್ರೂನ್ಯಾ ಸುಖರೆವಾ ಅವರು ಆರು ಮಂದಿ ಬಾಲಕರ ನಡತೆಯನ್ನು ವರ್ಣಿಸಿ ಬರೆದ ಪ್ರಬಂಧದಲ್ಲಿ, ನಾವು ಇಂದು ಆಟಿಸಂ ಎಂದು ಕರೆಯುವ ಸ್ಥಿತಿಯ ಸ್ಪಷ್ಟ ಚಿತ್ರವಿದೆ. ಆದರೆ ಲೋಕದ ಗಮನವನ್ನು ಸೆಳೆದುದು ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರ್ ಅವರು 1943ರಲ್ಲಿ ಪ್ರಕಟಿಸಿದ ಪ್ರಬಂಧ. ಅದರಲ್ಲಿ ಎಂಟು ಬಾಲಕರ ಮತ್ತು ಮೂವರು ಬಾಲಕಿಯರ ವೃತ್ತಾಂತಗಳಿವೆ. ಮರುವರ್ಷವೇ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಅವರೂ ಇಂತಹ ಬಾಲಕರನ್ನು ಕುರಿತು ಬರೆದರು.

ಇವರೆಲ್ಲರೂ ಕಂಡ ಲಕ್ಷಣಗಳನ್ನು ಸಂಕ್ಷೇಪವಾಗಿ ಎರಡು ಗುಂಪುಗಳಲ್ಲಿ ಹೇಳಬಹುದು. ಇತರರೊಡನೆ ಮಾತು, ನೋಟ, ಸನ್ನೆಗಳ ಮೂಲಕ ನಡೆಯುವ ವ್ಯವಹಾರವು ಈ ಮಕ್ಕಳಲ್ಲಿ ಬೇರೆಯಾಗಿರುವುದು. ಎರಡನೆಯದಾಗಿ, ಒಂದೇ ವಿಷಯದಲ್ಲಿ ಗಾಢವಾದ ಆಸಕ್ತಿ, ಒಂದೇ ಕ್ರಮವನ್ನು ಅನುಸರಿಸಬೇಕೆಂಬ ಹಂಬಲ, ಒಂದೇ ಚಲನೆಯ ಪುನರಾವರ್ತನೆ ಇವು ಕಂಡುಬರುವುವು. ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ಹೊರತಂದ ಕೈಪಿಡಿಯಲ್ಲಿ, ಶಬ್ದ, ಬೆಳಕು, ಸ್ಪರ್ಶ ಮೊದಲಾದವುಗಳಿಗೆ ಅತಿಯಾಗಿ ಅಥವಾ ಅತಿ ಕಡಿಮೆಯಾಗಿ ಪ್ರತಿಕ್ರಿಯೆ ತೋರುವುದನ್ನೂ ಈ ಎರಡನೆಯ ಗುಂಪಿಗೆ ಸೇರಿಸಿದರು. ಕೆಲವು ಮಕ್ಕಳು ಮಾತನ್ನೇ ಆಡುವುದಿಲ್ಲ. ಕೆಲವರು ದೊಡ್ಡವರಂತೆ ಗಂಭೀರವಾಗಿ ಮಾತನಾಡುವರು. ಕೆಲವರಿಗೆ ಜೀವನಪರ್ಯಂತ ಬೇರೆಯವರ ನೆರವು ಬೇಕು. ಕೆಲವರು ಪದವೀಧರರಾಗಿ ಉದ್ಯೋಗ ಮಾಡುವರು. ಈ ವೈವಿಧ್ಯವನ್ನು ಮನಗಂಡೇ ಇಂಗ್ಲೆಂಡಿನ ಲೋರ್ನಾ ವಿಂಗ್ ಅವರು ಇದನ್ನು ಕಾಮನಬಿಲ್ಲಿನ ಬಣ್ಣಗಳಂತೆ ಒಂದರೊಳಗೊಂದು ಬೆರೆತಿರುವ ವರ್ಣಪಟಲವೆಂದು ಭಾವಿಸಬೇಕೆಂದು ವಾದಿಸಿದರು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2021ರಲ್ಲಿ ಪ್ರಪಂಚದಲ್ಲಿ ಸುಮಾರು 127 ಮಂದಿಗೆ ಒಬ್ಬರಂತೆ ಆಟಿಸಂ ಇರುವವರು ಇದ್ದರು. ಅಂದರೆ 500 ಮಕ್ಕಳಿರುವ ಶಾಲೆಯಲ್ಲಿ ಸರಾಸರಿ ನಾಲ್ವರಾದರೂ ಇರಬೇಕು. “ನಮ್ಮ ಶಾಲೆಯಲ್ಲಿ ಅಂತಹ ಮಕ್ಕಳೇ ಇಲ್ಲ” ಎಂದು ಹೆಮ್ಮೆಯಿಂದ ಹೇಳುವ ಮುಖ್ಯೋಪಾಧ್ಯಾಯರು ಈ ಸಂಖ್ಯೆಯನ್ನು ಗಮನಿಸಬೇಕು. ಅಂತಹ ಮಕ್ಕಳು ಶಾಲೆಯಲ್ಲಿಯೇ ಇದ್ದು ಬೇರೆ ಹೆಸರಿನಿಂದ ಕರೆಯಲ್ಪಡುತ್ತಿರಬೇಕು; ಇಲ್ಲವೆ ಬಾಗಿಲಲ್ಲಿಯೇ ತಡೆಯಲ್ಪಟ್ಟಿರಬೇಕು.

ಇಂತಹ ಮಗುವಿನ ತಾಯಿತಂದೆಗಳು ಶಾಲೆಗೆ ಬಂದಾಗ ಅವರ ಕಿವಿಗೆ ಬೀಳುವ ಮೊದಲ ಮಾತು ಸಾಮಾನ್ಯವಾಗಿ ಒಂದು ಆಕ್ಷೇಪಣೆ: “ಮನೆಯಲ್ಲಿ ನೀವು ಸರಿಯಾಗಿ ಬೆಳೆಸಿಲ್ಲ.” ಈ ತಪ್ಪು ತಿಳಿವಳಿಕೆಯು ಒಂದು ಕಾಲದಲ್ಲಿ ವಿದ್ವಾಂಸರ ಸಿದ್ಧಾಂತವೇ ಆಗಿದ್ದಿತು. ತಾಯಿಯ ಮನಸ್ಸಿನಲ್ಲಿ ವಾತ್ಸಲ್ಯದ ಬಿಸುಪಿಲ್ಲದಿರುವುದೇ ಆಟಿಸಂಗೆ ಕಾರಣವೆಂದು 1950ರ ಮತ್ತು 1960ರ ದಶಕಗಳಲ್ಲಿ ಅನೇಕರು ನಂಬಿದ್ದರು. ಬ್ರೂನೋ ಬೆಟಲ್‌ಹೈಮ್ ಅವರು 1967ರಲ್ಲಿ ಪ್ರಕಟಿಸಿದ ಗ್ರಂಥವು ಈ ನಂಬಿಕೆಗೆ ವಿಶೇಷ ಪ್ರಚಾರ ಕೊಟ್ಟಿತು. ಎಷ್ಟು ಮಂದಿ ತಾಯಂದಿರು ತಮ್ಮನ್ನೇ ಅಪರಾಧಿಗಳೆಂದು ತಿಳಿದು ಕಣ್ಣೀರಿಟ್ಟರೋ! ಇದಕ್ಕೆ ಮೊದಲೇ, 1964ರಲ್ಲಿ, ಆಟಿಸಂ ಇರುವ ಮಗನ ತಂದೆಯೂ ಮನೋವಿಜ್ಞಾನಿಯೂ ಆಗಿದ್ದ ಬರ್ನಾರ್ಡ್ ರಿಮ್ಲ್ಯಾಂಡ್ ಅವರು ಈ ಸಿದ್ಧಾಂತವನ್ನು ಖಂಡಿಸಿ, ಕಾರಣವನ್ನು ಮಿದುಳಿನ ರಚನೆಯಲ್ಲಿ ಹುಡುಕಬೇಕೆಂದು ಬರೆದಿದ್ದರು.

ವಾದವನ್ನು ಬಹುಮಟ್ಟಿಗೆ ತೀರ್ಮಾನಿಸಿದುದು ಅವಳಿ ಮಕ್ಕಳ ಅಧ್ಯಯನ. 1977ರಲ್ಲಿ ಸೂಸನ್ ಫೋಲ್ಸ್ಟೀನ್ ಮತ್ತು ಮೈಕೆಲ್ ರಟ್ಟರ್ ಅವರು, ಕನಿಷ್ಠ ಒಬ್ಬರಿಗಾದರೂ ಆಟಿಸಂ ಇದ್ದ 21 ಅವಳಿ ಜೊತೆಗಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದ ಹುಟ್ಟಿದ 11 ಜೊತೆಗಳಲ್ಲಿ 4 ಜೊತೆಗಳ ಇಬ್ಬರು ಮಕ್ಕಳಿಗೂ ಆಟಿಸಂ ಇದ್ದಿತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ 10 ಜೊತೆಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಎರಡು ಬಗೆಯ ಅವಳಿಗಳೂ ಒಂದೇ ಮನೆಯಲ್ಲಿ, ಒಬ್ಬಳೇ ತಾಯಿಯ ಮಡಿಲಲ್ಲಿ ಬೆಳೆದವರಷ್ಟೆ. ತಾಯಿಯ ನಡತೆಯೇ ಕಾರಣವಾಗಿದ್ದರೆ ಈ ವ್ಯತ್ಯಾಸ ಹೇಗೆ ಬರಬೇಕು? ಮುಂದೆ ನಡೆದ ದೊಡ್ಡ ಅಧ್ಯಯನಗಳೂ ಆನುವಂಶಿಕತೆಯ ಪಾತ್ರ ಹಿರಿದೆಂಬುದನ್ನು ದೃಢಪಡಿಸಿದವು. ಆದುದರಿಂದ ಆಟಿಸಂ ಮಗುವಿನ ಹಟವಲ್ಲ, ತಾಯಿಯ ತಪ್ಪಲ್ಲ, ಪೂರ್ವಜನ್ಮದ ಶಾಪವಲ್ಲ. ಅದು ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ ಒಂದು ಭೇದ. ಬೆತ್ತದಿಂದ ಅದನ್ನು ಬದಲಾಯಿಸಬಲ್ಲೆನೆಂದು ಹೊರಟ ಉಪಾಧ್ಯಾಯನು, ಕುರುಡನಿಗೆ ಹೊಡೆದು ನೋಟ ಕಲಿಸಲು ಹೊರಟವನಂತೆ.

ಇನ್ನು ನಮ್ಮ ತರಗತಿಯನ್ನು ಇಂತಹ ಮಗುವಿನ ಸ್ಥಾನದಲ್ಲಿ ನಿಂತು ಒಮ್ಮೆ ನೋಡೋಣ. ಅರವತ್ತು ಮಕ್ಕಳು ಒಟ್ಟಿಗೆ ಮಗ್ಗಿ ಹೇಳುತ್ತಿರುವರು. ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತಿರುವುದು. ಪಕ್ಕದ ಕೊಠಡಿಯಿಂದ ಇನ್ನೊಬ್ಬ ಉಪಾಧ್ಯಾಯರ ಗರ್ಜನೆ, ಅಡುಗೆಯ ಕೋಣೆಯಿಂದ ಸ್ಟೀಲ್ ತಟ್ಟೆಗಳ ಸದ್ದು, ಹೊರಗೆ ರಸ್ತೆಯ ಹಾರನ್ನುಗಳು. ನಮ್ಮಲ್ಲಿ ಬಹುಮಂದಿಯ ಮಿದುಳು ಇವುಗಳನ್ನು ಹಿನ್ನೆಲೆಗೆ ತಳ್ಳಿ ಪಾಠವನ್ನು ಮಾತ್ರ ಮುಂದಕ್ಕೆ ತಂದುಕೊಳ್ಳುತ್ತದೆ. ಆಟಿಸಂ ಇರುವ ಅನೇಕರಿಗೆ ಈ ಸೋಸುವಿಕೆ ಸುಲಭವಲ್ಲ; ಎಲ್ಲ ಶಬ್ದಗಳೂ ಒಂದೇ ಬಲದಿಂದ ನುಗ್ಗಿಬರುವುವೆಂದು ಅವರೇ ಬರೆದಿದ್ದಾರೆ. ಇದರ ಮೇಲೆ ಒಮ್ಮೆಲೆ ಗಂಟೆ ಬಡಿದರೆ ಮಗು ಕಿವಿ ಮುಚ್ಚಿಕೊಳ್ಳುವುದರಲ್ಲಿ ಆಶ್ಚರ್ಯವೇನು? ಲೋಕದ ಗೊಂದಲದಲ್ಲಿ ಅವನಿಗೆ ಆಸರೆಯಾಗಿರುವುದು ಕ್ರಮವೊಂದೇ. ಕುಳಿತುಕೊಳ್ಳುವ ಸ್ಥಳ, ಪಾಠಗಳ ಸರದಿ, ಊಟದ ಹೊತ್ತು ಇವು ನಿನ್ನೆಯಂತೆಯೇ ಇಂದೂ ಇದ್ದರೆ ಅವನಿಗೆ ಧೈರ್ಯ. ನಾವು ಹೇಳದೆ ಕೇಳದೆ ಅದನ್ನು ಕಿತ್ತುಕೊಂಡಾಗ ಅವನು ಕೂಗುವನು. ನಾವು ಅದನ್ನು ಹಟವೆನ್ನುವೆವು. ಪ್ರಶ್ನೆಯನ್ನು ಮರಳಿ ಹೇಳುವುದನ್ನು ಅಣಕವೆನ್ನುವೆವು. ಅದು ಎಷ್ಟೋ ಮಕ್ಕಳಿಗೆ ಭಾಷೆಯನ್ನು ಕೈವಶಮಾಡಿಕೊಳ್ಳುವ ಮಾರ್ಗವೆಂದು ವಾಕ್ ತಜ್ಞರು ಹೇಳುತ್ತಾರೆ. ಮುಖ ನೋಡದಿರುವುದನ್ನು ಅಗೌರವವೆನ್ನುವೆವು. ಮುಖ ನೋಡುತ್ತ ಮಾತು ಕೇಳುವುದೆರಡೂ ಒಟ್ಟಿಗೆ ಸಾಧ್ಯವಾಗದೆ, ಕೇಳುವುದಕ್ಕೋಸ್ಕರವೇ ಅವನು ದೃಷ್ಟಿಯನ್ನು ಬೇರೆಡೆಗೆ ತಿರುಗಿಸಿರಬಹುದು.

ಬುದ್ಧಿಯ ಅಳತೆಯಲ್ಲಿಯೂ ಇದೇ ಕಥೆ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಮಿಶೆಲ್ ಡಾಸನ್ ಎಂಬ ಸಂಶೋಧಕಿ ಇದ್ದಾರೆ. ಅವರೂ ಆಟಿಸಂ ಇರುವವರೇ. ಅವರು ತಮ್ಮ ಸಹೋದ್ಯೋಗಿಗಳೊಡನೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟಿಸಂ ಇರುವ 38 ಮಕ್ಕಳಿಗೆ ಎರಡು ಬಗೆಯ ಬುದ್ಧಿಪರೀಕ್ಷೆಗಳನ್ನು ಕೊಟ್ಟರು. ಒಂದು, ಬಹಳ ಕಡೆಗಳಲ್ಲಿ ಬಳಕೆಯಲ್ಲಿರುವ ವೆಕ್ಸ್ಲರ್ ಪರೀಕ್ಷೆ; ಇದರಲ್ಲಿ ಪರೀಕ್ಷಕನ ಮಾತಿಗೆ ಮಾತಿನಿಂದ ಉತ್ತರ ಕೊಡಬೇಕಾದ ಭಾಗಗಳು ಹೆಚ್ಚು. ಇನ್ನೊಂದು, ಚಿತ್ರವಿನ್ಯಾಸದಲ್ಲಿ ಬಿಟ್ಟುಹೋದ ತುಣುಕನ್ನು ತರ್ಕದಿಂದ ಆರಿಸುವ ರೇವನ್ ಪರೀಕ್ಷೆ. ನೂರು ಮಕ್ಕಳನ್ನು ಅಂಕಗಳ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಂತೆ ಊಹಿಸಿಕೊಂಡರೆ, ಇದೇ ಮಕ್ಕಳು ಎರಡನೆಯ ಪರೀಕ್ಷೆಯಲ್ಲಿ ಮೊದಲನೆಯದಕ್ಕಿಂತ ಸರಾಸರಿ 30 ಸ್ಥಾನಗಳಷ್ಟು ಮೇಲೆ ನಿಂತರು. ಆಟಿಸಂ ಇಲ್ಲದ ಮಕ್ಕಳಲ್ಲಿ ಇಂತಹ ಅಂತರ ಕಾಣಲಿಲ್ಲ. ಮಗು ಅದೇ, ಮಿದುಳು ಅದೇ. ಬದಲಾದುದು ಅಳತೆಗೋಲು ಮಾತ್ರ. ಮೊದಲಿನ ಕೋಲೊಂದನ್ನೇ ಹಿಡಿದು “ಇವನು ಮಂದ” ಎಂದು ಬರೆದಿಟ್ಟರೆ ಅದು ಶೂನ್ಯದೋಷವನ್ನು ತಿದ್ದದೆ ಬರೆದ ಅಳತೆಯಲ್ಲವೆ?

“ಇಂತಹವರಿಗೆ ಇತರರ ಮನಸ್ಸು ತಿಳಿಯದು, ಸ್ನೇಹ ಗೊತ್ತಿಲ್ಲ” ಎಂಬ ಮಾತನ್ನೂ ಹೀಗೆಯೇ ಪರೀಕ್ಷಿಸಬೇಕಾಗಿದೆ. ಬ್ರಿಟನ್ನಿನ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ ಅವರು, ತಾವೂ ಆಟಿಸಂ ಇರುವವರಾಗಿ, 2012ರಲ್ಲಿ ಒಂದು ಸರಳವಾದ ಪ್ರಶ್ನೆಯನ್ನು ಎತ್ತಿದರು. ಇಬ್ಬರ ನಡುವೆ ಅರ್ಥವಾಗದೆ ಹೋದರೆ ದೋಷವು ಒಬ್ಬನಲ್ಲಿಯೇ ಇದೆಯೆಂದು ಹೇಗೆ ಹೇಳುವಿರಿ? ಅವನಿಗೆ ನೀವು ಅರ್ಥವಾಗದಿರುವಂತೆ ನಿಮಗೂ ಅವನು ಅರ್ಥವಾಗಿಲ್ಲವಲ್ಲ! ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಬೆಂಬಲವಾಯಿತು. ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಮಾತು ದಾಟಿಸುವ ಆಟವನ್ನು ನೀವೆಲ್ಲರೂ ಆಡಿದ್ದೀರಿ. ಅದೇ ರೀತಿಯಲ್ಲಿ ಎಂಟೆಂಟು ಮಂದಿ ವಯಸ್ಕರ ಸರಪಳಿಗಳನ್ನು ಮಾಡಿ, ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಆಟಿಸಂ ಇರುವವರೇ ಇದ್ದ ಸರಪಳಿಗಳೂ, ಇಲ್ಲದವರೇ ಇದ್ದ ಸರಪಳಿಗಳೂ ಕಥೆಯನ್ನು ಸಮನಾಗಿ ಉಳಿಸಿಕೊಂಡವು. ಇಬ್ಬರೂ ಬೆರೆತ ಸರಪಳಿಗಳಲ್ಲಿ ಮಾತ್ರ ಕಥೆ ಬೇಗ ಸವೆದುಹೋಯಿತು. ದೋಷವಿದ್ದುದು ವ್ಯಕ್ತಿಗಳಲ್ಲಿ ಅಲ್ಲ, ಎರಡು ಬಗೆಯ ಮನಸ್ಸುಗಳ ನಡುವಣ ಸೇತುವೆಯಲ್ಲಿ. ಸೇತುವೆಯನ್ನು ಎರಡು ದಡಗಳಿಂದಲೂ ಕಟ್ಟಬೇಕಷ್ಟೆ. ನಮ್ಮ ಶಾಲೆಗಳು ಮಗುವಿನ ದಡದಿಂದ ಮಾತ್ರ ಕಟ್ಟಿಸಲು ನೋಡುತ್ತಿವೆ.

ಶಾಲೆಯ ನಡತೆಯಿಂದ ಎಷ್ಟು ವ್ಯತ್ಯಾಸವಾಗಬಹುದು ಎಂಬುದಕ್ಕೆ ಕ್ಯಾನರ್ ಅವರ ಮೊದಲ ರೋಗಿಯ ಕಥೆಯೇ ಸಾಕ್ಷಿ. ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಚಿಕ್ಕ ಊರಿನಲ್ಲಿ 1933ರಲ್ಲಿ ಹುಟ್ಟಿದ ಡೊನಾಲ್ಡ್ ಟ್ರಿಪ್ಲೆಟ್ ಅವರನ್ನು ಮೂರು ವರ್ಷ ತುಂಬಿದ ಮೇಲೆ ಒಂದು ಆಶ್ರಯಧಾಮದಲ್ಲಿ ಬಿಟ್ಟಿದ್ದರು. ಸುಮಾರು ಒಂದು ವರ್ಷದ ಬಳಿಕ ತಾಯಿತಂದೆಗಳು ಮನಸ್ಸು ತಡೆಯದೆ ಮನೆಗೆ ಕರೆತಂದರು. ಮುಂದೆ 1942ರಲ್ಲಿ ಒಬ್ಬ ರೈತ ದಂಪತಿಗಳ ಬಳಿ ಇರಿಸಿದರು. ಹುಡುಗನಿಗೆ ಅಳೆಯುವ ಗೀಳು. ರೈತನು ಅವನಿಗೆ ಬಾವಿ ತೋಡಲು ಹೇಳಿ ಅದರ ಆಳವನ್ನು ಅಳೆಯಹೇಳಿದನು. ಜೋಳದ ಸಾಲುಗಳನ್ನು ಎಣಿಸುವ ಗೀಳು. ನೇಗಿಲು ಹಿಡಿದು ಉಳುತ್ತ ಎಣಿಸಹೇಳಿದನು. ಅವನು ಹೋಗುತ್ತಿದ್ದ ಹಳ್ಳಿಯ ಶಾಲೆಯಲ್ಲಿ ಅವನ ವಿಚಿತ್ರಗಳನ್ನು ಇದ್ದಂತೆಯೇ ಒಪ್ಪಿಕೊಂಡಿದ್ದರೆಂದೂ, ಓದಿನಲ್ಲಿ ಅವನು ಚೆನ್ನಾಗಿ ಮುಂದುವರಿಯುತ್ತಿದ್ದನೆಂದೂ ಕ್ಯಾನರ್ ಅವರು ಬರೆದಿದ್ದಾರೆ. ಆ ಹುಡುಗನು 1958ರಲ್ಲಿ ಪದವೀಧರನಾಗಿ, ಊರಿನ ಬ್ಯಾಂಕಿನಲ್ಲಿ ದುಡಿದು, ತಾನೊಬ್ಬನೇ ಅನೇಕ ದೇಶಗಳನ್ನು ಸುತ್ತಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆ ಹನ್ನೊಂದು ಮಕ್ಕಳ ಮುಂದಿನ ಜೀವನವನ್ನು 1971ರಲ್ಲಿ ಅವಲೋಕಿಸಿದ ಕ್ಯಾನರ್ ಅವರು, ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಸೇರಿಸಿದುದು ಜೀವಾವಧಿ ಶಿಕ್ಷೆಗೆ ಸಮನಾಯಿತೆಂಬ ಅರ್ಥದ ಮಾತನ್ನು ನೋವಿನಿಂದ ಬರೆದರು. ಹನ್ನೊಂದು ಮಂದಿಯಿಂದ ನಿಯಮ ಕಟ್ಟಲಾಗದು. ಆಸ್ಪತ್ರೆಗೆ ಹೋದವರ ಸ್ಥಿತಿ ಮೊದಲಿನಿಂದಲೇ ಹೆಚ್ಚು ಕಠಿಣವಾಗಿದ್ದಿರಬಹುದು. ಆದರೂ ಪರಿಸರದ ಪ್ರಭಾವವನ್ನು ಅಲ್ಲಗಳೆಯುವಂತಿಲ್ಲ.

ಇನ್ನೊಂದು ನಿದರ್ಶನ ಟೆಂಪಲ್ ಗ್ರ್ಯಾಂಡಿನ್ ಅವರದು. ಬಾಲ್ಯದಲ್ಲಿ ಬಹುಕಾಲ ಮಾತು ಬಾರದ ಈಕೆಯನ್ನು, ಅಣಕಿಸಿದ ಸಹಪಾಠಿಯ ಮೇಲೆ ಪುಸ್ತಕ ಎಸೆದಳೆಂದು ಒಂದು ಶಾಲೆಯಿಂದ ಹೊರಹಾಕಿದರು. ಅಣಕಿಸಿದವಳ ಪಾಲು ಏನೆಂದು ಯಾರೂ ಕೇಳಲಿಲ್ಲ. ಇನ್ನೊಂದು ಶಾಲೆಯಲ್ಲಿ ವಿಲಿಯಂ ಕಾರ್ಲಾಕ್ ಎಂಬ ವಿಜ್ಞಾನದ ಉಪಾಧ್ಯಾಯರು, ದನಗಳನ್ನು ಹಿಡಿದು ನಿಲ್ಲಿಸುವ ಯಂತ್ರದಲ್ಲಿ ಆಕೆಗಿದ್ದ ಗೀಳನ್ನು ಕಂಡು, ಅದು ಏಕೆ ಹಾಗೆ ಕೆಲಸಮಾಡುವುದೆಂಬುದನ್ನು ಓದಿ ತಿಳಿಯಲು ಹುರಿದುಂಬಿಸಿದರು. ಆಕೆ ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾಗಿ, ದನಗಳು ಬೆದರದಂತೆ ಸಾಗುವ ಆವರಣಗಳನ್ನು ರೂಪಿಸಿ ಲೋಕಪ್ರಸಿದ್ಧರಾದರು. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆಟಿಸಂ ಇರುವ ಪ್ರತಿಯೊಂದು ಮಗುವಿನಲ್ಲಿಯೂ ಅಡಗಿದ ಪ್ರತಿಭೆಯಿದೆಯೆಂದು ಹೇಳುವುದು ಸತ್ಯವಲ್ಲ, ಹಾಗೆ ಹೇಳುವ ಅವಶ್ಯಕತೆಯೂ ಇಲ್ಲ. ಸಾಧಾರಣ ಮಕ್ಕಳನ್ನು ಪ್ರತಿಭೆಯ ಪ್ರಮಾಣಪತ್ರ ಕೇಳಿಯೇ ಶಾಲೆಗೆ ಸೇರಿಸಿಕೊಳ್ಳುತ್ತೇವೆಯೇ? ಮಾತು ಬಾರದ, ಲೆಕ್ಕ ಬಾರದ ಮಗುವಿಗೂ ಶಾಲೆಯ ಮೇಲೆ ಅಷ್ಟೇ ಹಕ್ಕುಂಟು.

ಈ ಹಕ್ಕು ಕೇವಲ ದಯೆಯ ಮಾತಲ್ಲ. ನಮ್ಮ ದೇಶದ ಕಾನೂನು. 1995ರ ಅಂಗವಿಕಲರ ಅಧಿನಿಯಮದ ಪಟ್ಟಿಯಲ್ಲಿ ಆಟಿಸಂನ ಹೆಸರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಲ್ಲಿ ಅದು ಕಾಣಿಸಿಕೊಂಡಿತು. 2009ರ ಶಿಕ್ಷಣದ ಹಕ್ಕಿನ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯು ಈ ಮಕ್ಕಳನ್ನೂ ಒಳಗೊಂಡಿತು. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ವರ್ಣಪಟಲವನ್ನೂ ಸೇರಿಸಿ, ಸರ್ಕಾರದ ಹಣ ಅಥವಾ ಮನ್ನಣೆ ಪಡೆದ ಶಿಕ್ಷಣ ಸಂಸ್ಥೆಗಳು ಇಂತಹ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಅವರ ಅಗತ್ಯಕ್ಕೆ ತಕ್ಕ ಅನುಕೂಲಗಳನ್ನು ಮಾಡಿಕೊಡಬೇಕೆಂದು ವಿಧಿಸಿತು. ಖಾಸಗಿ ಶಾಲೆಗೂ ಸರ್ಕಾರದ ಮನ್ನಣೆ ಬೇಕು. ಆದುದರಿಂದ ಈ ವಿಧಿ ಅದಕ್ಕೂ ಅನ್ವಯಿಸುವುದು. 2021ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂತಹ ವಿಶೇಷ ಅಗತ್ಯವುಳ್ಳ ಮಕ್ಕಳು ಪ್ರಾಥಮಿಕ ಹಂತದಲ್ಲಿ 10 ಮಂದಿಗೆ, ಮುಂದಿನ ಹಂತಗಳಲ್ಲಿ 15 ಮಂದಿಗೆ ಒಬ್ಬರಂತೆ ವಿಶೇಷ ಶಿಕ್ಷಕರು ಇರತಕ್ಕದ್ದೆಂದು ತಿಳಿಸಿತು.

ಕಾನೂನು ಹೀಗಿದ್ದರೂ ಬಾಗಿಲಲ್ಲಿ ನಡೆಯುವುದೇ ಬೇರೆ. “ಈ ವರ್ಷ ಸೀಟು ತುಂಬಿದೆ”, “ನಮ್ಮಲ್ಲಿ ಅನುಕೂಲವಿಲ್ಲ, ವಿಶೇಷ ಶಾಲೆಗೆ ಸೇರಿಸಿ”, “ಮಗುವಿನ ಜೊತೆ ಕುಳಿತುಕೊಳ್ಳಲು ನಿಮ್ಮ ಖರ್ಚಿನಲ್ಲಿಯೇ ಒಬ್ಬರನ್ನು ಗೊತ್ತುಮಾಡಿ” — ಇಂತಹ ಉತ್ತರಗಳನ್ನು ಕೇಳುತ್ತ ಶಾಲೆಯಿಂದ ಶಾಲೆಗೆ ಅಲೆದ ತಾಯಂದಿರನ್ನು ನಾನು ಬಲ್ಲೆನು. ಸೇರಿಸಿಕೊಂಡ ಮೇಲೂ ಮಗುವನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ ಮರೆತುಬಿಡುವುದುಂಟು. ವಾರ್ಷಿಕೋತ್ಸವದ ದಿನ “ಇವತ್ತು ಕರೆತರಬೇಡಿ” ಎಂದು ಹೇಳಿಕಳುಹಿಸುವುದುಂಟು. ಹೆಸರು ಹಾಜರಿಯಲ್ಲಿದ್ದು ಮಗು ಶಾಲೆಯ ಹೊರಗೇ ಇರುವ ಈ ಸ್ಥಿತಿಯನ್ನು ಸಮನ್ವಯ ಶಿಕ್ಷಣವೆಂದು ಕರೆಯುವುದು ನಾಚಿಕೆಗೇಡು.

ಉಪಾಧ್ಯಾಯರ ಪಕ್ಷದ ಮಾತನ್ನೂ ಕೇಳಬೇಕು. ನಾನೂ ಆ ಪಕ್ಷದವನೇ. ಅರವತ್ತು ಮಕ್ಕಳ ತರಗತಿ, ಮುಗಿಸಬೇಕಾದ ಪಾಠಗಳು, ತುಂಬಬೇಕಾದ ಪಟ್ಟಿಗಳು, ಶಿಕ್ಷಕ ತರಬೇತಿಯಲ್ಲಿ ಆಟಿಸಂ ವಿಷಯವಾಗಿ ಹೇಳಿದ ನಾಲ್ಕು ವಾಕ್ಯಗಳು — ಇಷ್ಟನ್ನು ಇಟ್ಟುಕೊಂಡು ಅವರು ಏನು ಮಾಡಬಲ್ಲರು? ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇದ್ದಾರೆ. ಆದರೆ ಒಬ್ಬೊಬ್ಬರು ಹಲವಾರು ಶಾಲೆಗಳನ್ನು ಸುತ್ತಬೇಕು. ಆದುದರಿಂದ ಹೊಣೆಯನ್ನೆಲ್ಲ ತರಗತಿಯ ಉಪಾಧ್ಯಾಯರ ತಲೆಗೆ ಕಟ್ಟುವುದು ನ್ಯಾಯವಲ್ಲ. ತರಬೇತಿಯನ್ನೂ ಸಹಾಯಕರನ್ನೂ ಒದಗಿಸುವುದು ಸರ್ಕಾರದ ಮತ್ತು ಆಡಳಿತ ಮಂಡಲಿಗಳ ಕರ್ತವ್ಯ. ಕೆಲವು ಮಕ್ಕಳಿಗೆ, ಕೆಲವು ಕಾಲ, ವಿಶೇಷ ಶಾಲೆಯೇ ಹಿತವಾಗಿರಬಹುದೆಂಬುದನ್ನೂ ಒಪ್ಪಬೇಕು. ಕಾನೂನೂ ಆ ಆಯ್ಕೆಯನ್ನು ಉಳಿಸಿದೆ. ಆದರೆ ಆ ಆಯ್ಕೆ ಮಗುವಿನ ಹಿತವನ್ನು ನೋಡಿ ಆಗಬೇಕೇ ಹೊರತು ಶಾಲೆಯ ಅನುಕೂಲವನ್ನು ನೋಡಿ ಅಲ್ಲ. “ಇತರ ಮಕ್ಕಳ ಓದಿಗೆ ಭಂಗ ಬರುವುದು” ಎಂಬ ಆಕ್ಷೇಪಣೆಗೆ ನನ್ನ ಉತ್ತರವಿಷ್ಟೆ: ಭಂಗ ಬರುವುದು ಬಹುಪಾಲು ಮಗುವನ್ನು ಸಂಕಟಕ್ಕೆ ನೂಕಿದಾಗ. ಸಂಕಟದ ಕಾರಣವನ್ನು ತೆಗೆದರೆ ಭಂಗವೂ ಕಡಿಮೆಯಾಗುವುದು.

ಕಾರಣಗಳಲ್ಲಿ ಎಷ್ಟೋ ಅಂಶಗಳನ್ನು ತೆಗೆಯಲು ಹಣ ಬೇಕಾಗಿಲ್ಲ. ದಿನದ ವೇಳಾಪಟ್ಟಿಯನ್ನು ಚಿತ್ರಗಳಲ್ಲಿ ಬರೆದು ಗೋಡೆಗೆ ಅಂಟಿಸಬಹುದು. ಬದಲಾವಣೆಯಿದ್ದರೆ ಹಿಂದಿನ ದಿನವೇ ತಿಳಿಸಬಹುದು. ಗಂಟೆ ಬಡಿಯುವುದಕ್ಕೆ ಒಂದು ನಿಮಿಷ ಮುಂಚೆ ಬೆನ್ನಿನ ಹಿಂದಿನಿಂದ ಮುಟ್ಟದೆ, ಎದುರಿಗೆ ಬಂದು ಸನ್ನೆ ಮಾಡಬಹುದು. ಬಾಯಿಯಲ್ಲಿ ಹೇಳಿದುದನ್ನು ಹಲಗೆಯ ಮೇಲೂ ಬರೆಯಬಹುದು. ನಾಲ್ಕು ಸೂಚನೆಗಳನ್ನು ಒಟ್ಟಿಗೆ ಕೊಡುವ ಬದಲು ಒಂದೊಂದಾಗಿ ಕೊಡಬಹುದು. ತಲೆ ಕೆಟ್ಟಾಗ ಹತ್ತು ನಿಮಿಷ ಕುಳಿತು ಬರಲು ಗ್ರಂಥಾಲಯದ ಒಂದು ಮೂಲೆಯನ್ನು ತೋರಿಸಬಹುದು. ಬಸ್ಸಿನ ವೇಳೆಯಲ್ಲಿ ಆಸಕ್ತಿಯಿರುವವನಿಗೆ ವೇಗ, ಕಾಲ, ದೂರಗಳ ಲೆಕ್ಕವನ್ನು ಬಸ್ಸಿನಿಂದಲೇ ಕಲಿಸಬಹುದು. ಪರೀಕ್ಷೆಯಲ್ಲಿ ಲಿಪಿಕಾರನ ನೆರವು, ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಷ್ಟು ಹೆಚ್ಚಿನ ಕಾಲ ಇವುಗಳಿಗೆ ಕೇಂದ್ರ ಸರ್ಕಾರವು 2013ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಅದನ್ನು ತಿಳಿದು ಮಗುವಿಗೆ ಕೊಡಿಸುವವರು ಬೇಕು.

ಇನ್ನು ವಿದ್ಯಾರ್ಥಿಗಳಾದ ನಿಮಗೆ ಎರಡು ಮಾತು. ಆಟಿಸಂ ಇರುವ ಮಗುವಿಗೆ ಶಾಲೆಯನ್ನು ನರಕವಾಗಿಸುವುದು ಅನೇಕ ವೇಳೆ ಉಪಾಧ್ಯಾಯನ ಬೆತ್ತವಲ್ಲ, ವಿರಾಮದ ವೇಳೆಯಲ್ಲಿ ಸಹಪಾಠಿಗಳು ಇಡುವ ಅಡ್ಡಹೆಸರು. ಅವನು ಕೈಯಾಡಿಸುವುದನ್ನು ಅನುಕರಿಸಿ ನಗುವುದು, ಕಿವಿಯ ಬಳಿ ಬೇಕೆಂದೇ ಕೂಗುವುದು, ಅವನು ಮಾತನ್ನು ಇದ್ದಂತೆಯೇ ನಂಬುವನೆಂದು ತಿಳಿದು ಸುಳ್ಳು ಹೇಳಿ ಸಿಕ್ಕಿಸುವುದು ನಿಮಗೆ ಒಂದು ಗಳಿಗೆಯ ವಿನೋದ. ಅವನಿಗೆ ಶಾಲೆ ಬಿಡಲು ಸಾಕಾದ ಕಾರಣ. ನಿಮ್ಮಲ್ಲಿ ಒಬ್ಬನು ಅವನ ಪಕ್ಕದಲ್ಲಿ ಕುಳಿತರೆ, ಅವನಿಗೆ ಇಷ್ಟವಾದ ವಿಷಯವನ್ನು ಐದು ನಿಮಿಷ ಕೇಳಿದರೆ, ಅಣಕಿಸುವವರನ್ನು “ಸಾಕು ಬಿಡ್ರೋ” ಎಂದು ತಡೆದರೆ, ಯಾವ ಕಾನೂನೂ ಮಾಡಲಾರದ ಕೆಲಸವಾಗುವುದು. ಮಾತು ಬೇಕೆಂದೂ ಇಲ್ಲ; ಸುಮ್ಮನೆ ಜೊತೆಗಿರುವುದೂ ಸ್ನೇಹವೇ. ನಿಮ್ಮಲ್ಲಿ ಕೆಲವರು, ಅದರಲ್ಲಿಯೂ ಎಷ್ಟೋ ಕಾಲ ಯಾರ ಗಮನಕ್ಕೂ ಬಾರದೆ ಉಳಿಯುವ ಹುಡುಗಿಯರು, ಈ ಲೇಖನದಲ್ಲಿ ತಮ್ಮನ್ನೇ ಕಂಡಿರಬಹುದು. ಅವರು ನಾಚಬೇಕಾದುದು ಏನೂ ಇಲ್ಲ; ನಂಬಿಕೆಯುಳ್ಳ ಹಿರಿಯರೊಬ್ಬರಿಗೆ ಹೇಳಿಕೊಳ್ಳಲಿ.

ವಿಜ್ಞಾನದಲ್ಲಿ ತಪ್ಪು ದಾಖಲೆಯನ್ನು ಅಳಿಸುವ ಪದ್ಧತಿಯಿಲ್ಲ. ಅದರ ಮೇಲೆ ಒಂದು ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು, ತಿದ್ದಿದವನು ರುಜು ಹಾಕಬೇಕು. ಆ ಹಾಜರಿ ಪುಸ್ತಕ ಈಗ ಎಲ್ಲಿದೆಯೋ, ಆ ಹುಡುಗನು ಎಲ್ಲಿದ್ದಾನೆಯೋ ನನಗೆ ತಿಳಿಯದು. ಅವನಿಗೆ ಈಗ ಐವತ್ತು ದಾಟಿರಬೇಕು. ಆದರೂ ತಿದ್ದುಪಡಿಯನ್ನು ಇಲ್ಲಿಯೇ ಬರೆಯುತ್ತೇನೆ: ಆ ಹುಡುಗನಿಗೆ ವಿದ್ಯೆಯಲ್ಲಿ ಆಸಕ್ತಿ ಇಲ್ಲದಿರಲಿಲ್ಲ, ಅವನನ್ನು ತಿಳಿದುಕೊಳ್ಳುವುದರಲ್ಲಿ ಶಾಲೆಗೆ ಆಸಕ್ತಿ ಇರಲಿಲ್ಲ. ಇಂದಿನ ಹಾಜರಿ ಪುಸ್ತಕಗಳಲ್ಲಿ ಇಂತಹ ಷರಾ ಮತ್ತೆ ಬೀಳದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿಯೂ ಇದೆ.